ಮೇಷ್ಟ್ರ ಪಿತ್ತ

ಅಂಗರಚನೆ ಕಲಿಸಿದ ನಮ್ಮ ಮೇಷ್ಟ್ರು ದೇಹವನ್ನು ಕಾಲೇಜಿಗೇ ಬರೆದುಕೊಟ್ಟು ತೀರಿಕೊಂಡರು. ಅವರ ಯಕೃತ್ತು ಈಗ ನಾನು ಪಾಠ ಮಾಡುವ ಕೋಣೆಯ ಗಾಜಿನ ಜಾಡಿಯಲ್ಲಿದೆ. "ರಕ್ತ ಸೋಸುತ್ತೆ, ಸಕ್ಕರೆ ಕೂಡಿಡುತ್ತೆ, ಕತ್ತರಿಸಿದ್ರೂ ಬೆಳೆಯುತ್ತೆ, ಪುಣ್ಯಾತ್ಮ," ಎಂದು ಅದನ್ನು ಹೊಗಳುತ್ತಿದ್ದರು. ಒಂದು ತಪ್ಪು ಕೇಳಿದರೆ ಮಾತ್ರ ಅವರಿಗೆ ಪಿತ್ತ ನೆತ್ತಿಗೇರುತ್ತಿತ್ತು.

ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಆ ತಪ್ಪನ್ನೇ ಹೇಳಿದಳು. "ಪಿತ್ತ ತಯಾರಾಗೋದು ಪಿತ್ತಕೋಶದಲ್ಲಿ, ಮೇಡಂ."

ಕೋಣೆಯಲ್ಲಿ ಕಹಿ ವಾಸನೆ ಎದ್ದಿತು. ಜಾಡಿಯ ತಿಳಿ ದ್ರಾವಣದೊಳಗೆ ಹಸಿರು ಎಳೆಯೊಂದು ಇಳಿಯತೊಡಗಿತು. ಮುಟ್ಟಿದರೆ ಗಾಜು ಬೆಚ್ಚಗಿತ್ತು.

"ಯಕೃತ್ತಲ್ಲಿ ಕಣಮ್ಮ. ಪಿತ್ತಕೋಶ ಬರೀ ಕೂಡಿಡುತ್ತೆ," ಎಂದೆ. ಎಳೆ ನಿಂತಿತು.

ಆ ಹಸಿರನ್ನು ಒಂದಿಷ್ಟು ಪ್ರಯೋಗಾಲಯಕ್ಕೆ ಕಳಿಸಿದೆ, ಎಲ್ಲಿಯದೆಂದು ಹೇಳಲಿಲ್ಲ. ಸಂಜೆ ಫೋನು ಬಂತು.

"ತಾಜಾ ಪಿತ್ತ ಮೇಡಂ, ಒಳ್ಳೇ ಆರೋಗ್ಯವಂತರದು. ಪೇಷೆಂಟ್ ಯಾವ ವಾರ್ಡಲ್ಲಿದ್ದಾರೆ?"