ಕೆಂಪು ಬೆಳಕಿನ ಅನುಮಾನ

"ಅದು ಗ್ರಹ ಅಲ್ಲದೇ ಇರಬಹುದು!"

ಸಭಾಂಗಣದ ಹಿಂದಿನ ಸಾಲಿನಿಂದ ತೂರಿಬಂದ ಮಾತಿಗೆ ತನ್ನ ಸಂಶೋಧನೆ ವಿವರಿಸುತ್ತಿದ್ದ ಅವಳು ಅತ್ತ ತಿರುಗಿದಳು.

ಪರದೆಯ ಮೇಲೆ ಅವಳ ನಕ್ಷತ್ರದ ಬೆಳಕಿನ ಗೆರೆಯಿತ್ತು. ನೇರವಾಗಿ ಸಾಗಿ, ಒಂದು ಕಡೆ ಚೂರು ತಗ್ಗಿ, ಮತ್ತೆ ಮೇಲೇರುವ ಗೆರೆ. ನಕ್ಷತ್ರದ ಮುಂದೆ ಗ್ರಹವೊಂದು ಹಾದುಹೋದಾಗ ಬೆಳಕು ಅಷ್ಟೇ ಅಷ್ಟು ಮಂಕಾಗುತ್ತದೆ. ಆ ತಗ್ಗು ತಪ್ಪದೆ ಮರಳಿ ಬರುತ್ತದೆ ಎಂದು ತೋರಿಸಲು ಅವಳು ವರ್ಷಗಟ್ಟಲೆ ಜೀವ ತೇಯ್ದಿದ್ದಳು. ಈಗ ಇವನ್ಯಾರೋ ಎದ್ದುನಿಂತು...

"ಗ್ರಹ ಅಲ್ಲದಿದ್ರೆ ಮತ್ತೇನು ಅಂತೀರಿ?" ಧ್ವನಿ ನಡುಗದಂತೆ ಕೇಳಿದಳು.

"ನಕ್ಷತ್ರದ ಮೇಲಿನ ಕಲೆ ಇರಬಹುದು, ಹಿಂದೆ ಬೇರೆ ನಕ್ಷತ್ರ ಇರಬಹುದು. ಗ್ರಹವಾದ್ರೆ ತನ್ನ ನಕ್ಷತ್ರಾನ ಸ್ವಲ್ಪ ಎಳೆದು ಅಲ್ಲಾಡಿಸ್ಬೇಕು. ಆ ಅಲುಗಾಟ ಅಳೆದಿದ್ದೀರಾ?"

"ಅಳೆಯೋ ಉಪಕರಣ ಕೊಡೋರು ಯಾರು?"

"ನನ್ನ ಹತ್ರ ಇದೆ. ಬನ್ನಿ."

ಸಭೆಯೆಲ್ಲ ಗೊಳ್ಳೆಂದಿತು. ಅವಳ ಕಿವಿ ಕೆಂಪಾಯಿತು. ಪಕ್ಕದಲ್ಲಿದ್ದ ಗೆಳತಿ ಪಿಸುಗುಟ್ಟಿದಳು, "ಅವನೇ ಕಣೇ, ತಕರಾರು! ಇಡೀ ಸಂಸ್ಥೆ ಅವನನ್ನ ಹಾಗೇ ಕರೆಯೋದು."

ಬೈದುಕೊಳ್ಳುತ್ತಲೇ ಅವಳು ಹೋದಳು.

ನೆಲಮಾಳಿಗೆಯಲ್ಲಿ ಅವನ ಕೋಣೆ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣ ಅಲ್ಲಿತ್ತು; ನಕ್ಷತ್ರ ಅಲುಗಿದರೆ ಆ ಬಣ್ಣಗಳು ಚೂರು ಅತ್ತಿತ್ತ ಸರಿಯುತ್ತವೆ. ಅದು ಬಿಸಿಯಾಗಬಾರದೆಂದು ಕೋಣೆಯನ್ನು ಸದಾ ತಣ್ಣಗಿಡುತ್ತಿದ್ದರು. ಮೊದಲ ದಿನ ಅವಳ ಹಲ್ಲು ಕಟಕಟಿಸಿದವು. ಅವನು ತನ್ನ ಕೋಟು ಬಿಚ್ಚಿ ಅವಳ ಕುರ್ಚಿಗೆ ಹಾಕಿದ.

ಜಗಳವಾಡುತ್ತಲೇ ತಿಂಗಳುಗಳು ಉರುಳಿದವು. ಅವಳು ಗೆರೆ ಎಳೆದರೆ ಅವನು ತಪ್ಪು ಹುಡುಕುವನು. ಅವಳು ಮುನಿಸಿಕೊಂಡರೆ ಅಪಶ್ರುತಿಯಲ್ಲಿ ಗುನುಗುವನು. ಒಂದು ಮಧ್ಯಾಹ್ನ ಪರದೆಯ ಮೇಲಿನ ಚುಕ್ಕೆಗಳು ಸಣ್ಣಗೆ ಏರಿ ಇಳಿದವು. ಅಲುಗಾಟ!

"ಬಂತು! ನೋಡಿ, ಬಂತು!" ಅವಳು ಅವನ ಕೈ ಹಿಡಿದುಬಿಟ್ಟಳು.

"ತುಂಬಾ ಸಣ್ಣದು... ಖಾತ್ರಿ ಹೇಳೋಕಾಗಲ್ಲ," ಎಂದ ಅವನು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

*ಇವನು ನನ್ನವನಾದರೆ...* ಎಂದುಕೊಂಡವಳು ತನಗೆ ತಾನೇ ನಾಚಿದಳು.

ನಿರ್ದೇಶಕರಿಗೆ ಅಷ್ಟೇ ಸಾಕಾಯಿತು. ಪತ್ರಕರ್ತರನ್ನು ಕರೆಸುವ ದಿನ ಗೊತ್ತಾಯಿತು. ಅಮ್ಮನಂತೂ ಬೀದಿಗೆಲ್ಲ ಡಂಗುರ ಸಾರಿದ್ದಳು. "ನನ್ನ ಮಗಳು ಒಂದು ಲೋಕಾನೇ ಕಂಡುಹಿಡಿದಿದ್ದಾಳೆ ಕಣ್ರೀ!" ಪಕ್ಕದ ಮನೆಯವರು, "ಅಲ್ಲಿ ಸೈಟು ಅಗ್ಗಕ್ಕೆ ಸಿಗುತ್ತಾ ಕೇಳಿ," ಎಂದು ನಕ್ಕಿದ್ದರು.

ಆ ದಿನ ಬೆಳಿಗ್ಗೆ ನಿರ್ದೇಶಕರು ಅವಳನ್ನು ಒಳಗೆ ಕರೆದರು.

"ನಿಮ್ಮ ಆ ತಕರಾರು ಇದ್ದಾನಲ್ಲ, ಪ್ರಬಂಧದಿಂದ ತನ್ನ ಹೆಸರು ತೆಗೆಸಿದ್ದಾನೆ. ಘೋಷಣೆ ನಿಲ್ಲಿಸಿ ಅಂತಾನೂ ಹೇಳ್ದ. ನಿಮಗೆ ಗೊತ್ತಿಲ್ವಾ?"

"ಯಾಕಂತೆ?"

"ಹೊಟ್ಟೆಕಿಚ್ಚು ಇರ್ಬೇಕಮ್ಮ. ಹೆಸರು ನಿಮಗೆ ಬರುತ್ತಲ್ಲ! ತಲೆ ಕೆಡಿಸ್ಕೋಬೇಡಿ. ಮಧ್ಯಾಹ್ನ ಎಲ್ಲರೂ ಬರ್ತಾರೆ."

*ಇಷ್ಟು ದಿನದ ನಗು, ಆ ಕೋಟು, ಆ ಕೈ... ಎಲ್ಲಾ ಸುಳ್ಳಾ?*

ಮೆಟ್ಟಿಲು ಹೇಗೆ ಇಳಿದಳೋ! ನೆಲಮಾಳಿಗೆಯ ಬಾಗಿಲನ್ನು ದಡಾರನೆ ತಳ್ಳಿದಳು.

"ಬೆನ್ನಿಗೆ ಚೂರಿ ಹಾಕೋಕೆ ಇವತ್ತೇ ಬೇಕಿತ್ತಾ ನಿಮಗೆ?"

ಅವನ ಮುಖ ಬಿಳುಚಿತ್ತು. "ನಿಮ್ಮನ್ನೇ ಹುಡುಕ್ತಿದ್ದೆ. ಬೇರೆ ವೀಕ್ಷಣಾಲಯದಲ್ಲಿರೋ ಗೆಳೆಯನಿಗೆ ನಿಮ್ಮ ನಕ್ಷತ್ರಾನ ಕೆಂಪು, ನೀಲಿ ಎರಡೂ ಬೆಳಕಲ್ಲಿ ನೋಡು ಅಂತ ಹೇಳಿದ್ದೆ. ಫಲಿತಾಂಶ ಬೆಳಿಗ್ಗೆ ಬಂತು. ನೀವು ಸಿಗ್ಲಿಲ್ಲ, ಘೋಷಣೆ ನಿಲ್ಲಿಸೋಕೆ ಮೊದಲು ನಿರ್ದೇಶಕರ ಹತ್ರ ಓಡಿದೆ."

"ನನಗೆ ಹೇಳದೇನೇ?"

"ಅನುಮಾನ ಸುಳ್ಳಾದ್ರೆ ನಿಮಗೆ ಸುಮ್ನೆ ನೋವಾಗುತ್ತೆ ಅಂತ..."

"ಅವತ್ತು ಸಭೇಲಿ ಎಲ್ಲರ ಮುಂದೆ ಹೇಳೋಕೆ ಬಾಯಿ ಬಂತಲ್ಲ!"

"ಆಗ ನೀವು ನನಗೆ ಯಾರೂ ಆಗಿರ್ಲಿಲ್ಲ."

ಆ ಮಾತಿನ ಅರ್ಥ ಅವಳಿಗೆ ತಿಳಿಯಿತು. ಆದರೆ ಅದಕ್ಕೆ ಈಗ ಹೊತ್ತಿರಲಿಲ್ಲ.

"ಏಳಿ. ನಾನೇ ನೋಡ್ತೀನಿ."

ಅವನ ಕುರ್ಚಿಯಲ್ಲಿ ಕುಳಿತು ತಾನೇ ಗೆರೆ ಎಳೆದಳು. ಗ್ರಹ ಬೆಳಕಿಗೆ ಅಡ್ಡ ಬಂದರೆ ಎಲ್ಲ ಬಣ್ಣವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮಂಕಾಗಬೇಕು. ಇಲ್ಲಿ ಕೆಂಪಿನಲ್ಲಿ ತಗ್ಗು ಆಳವಾಗಿತ್ತು. ನೀಲಿಯಲ್ಲಿ ಇದ್ದೂ ಇಲ್ಲದಂತಿತ್ತು. ತಪ್ಪು ಹುಡುಕಿದಳು. ಮತ್ತೆ ಹುಡುಕಿದಳು. ಸಿಗಲಿಲ್ಲ.

ಅವಳ ನಕ್ಷತ್ರದ ಹಿಂದೆ, ಬಹುದೂರದಲ್ಲಿ, ಎರಡು ಮಸುಕು ಕೆಂಪು ನಕ್ಷತ್ರಗಳು ಒಂದನ್ನೊಂದು ಮರೆಮಾಡುತ್ತಿದ್ದವು. ಅಷ್ಟೇ. ಗ್ರಹವಿರಲಿಲ್ಲ. ಕಂಡಂತಾದ ಅಲುಗಾಟವೂ ಬರೀ ಅಳತೆಯ ಏರುಪೇರು.

ಕಣ್ಣೀರು ತಾನಾಗಿ ಇಳಿಯಿತು. ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈ ಅಡ್ಡ ಹಿಡಿದಳು.

"ಬೇಡ. ಸಮಾಧಾನ ಮಾಡ್ಬೇಡಿ. ಈಗ ನಾನು ಮೇಲೆ ಹೋಗ್ಬೇಕು."

ನಿರ್ದೇಶಕರು ರೇಗಾಡಿದರು. "ಕ್ಯಾಮೆರಾ ಎಲ್ಲಾ ಬಂದಾಯ್ತು! ಈಗ ಘೋಷಿಸಿಬಿಡಿ, ಒಂದು ವಾರ ಬಿಟ್ಟು ಸರಿಪಡಿಸೋಣ. ನಿಮ್ಮ ಕೆಲಸ ಉಳೀಬೇಕೋ ಬೇಡ್ವೋ?"

"ಗೊತ್ತಿದ್ದೂ ಸುಳ್ಳು ಹೇಳಿ ಉಳಿಸ್ಕೊಂಡ್ರೆ, ಆ ಕೆಲಸ ನನಗೆ ಯಾಕೆ ಸರ್?"

ವೇದಿಕೆ ಹತ್ತಿದಳು. ದೀಪಗಳು ಕಣ್ಣಿಗೆ ಹೊಡೆದವು.

"ನಾವು ಗ್ರಹ ಅಂದ್ಕೊಂಡಿದ್ದು ಗ್ರಹ ಅಲ್ಲ. ಕಾರಣ ತೋರಿಸ್ತೀನಿ."

ಗುಸುಗುಸು ಎದ್ದಿತು. ಇಬ್ಬರು ಎದ್ದು ಹೊರನಡೆದರು. ಅವಳು ನಿಲ್ಲಿಸಲಿಲ್ಲ. ಕೆಂಪು, ನೀಲಿ ಗೆರೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕೊನೆಯವರೆಗೂ ವಿವರಿಸಿದಳು.

ಮುಗಿಸಿ ಹೊರಗಿನ ಮೆಟ್ಟಿಲ ಮೇಲೆ ಕುಸಿದು ಕುಳಿತು ಮನೆಗೆ ಫೋನ್ ಮಾಡಿದಳು.

"ಅಮ್ಮಾ... ಅದು ಗ್ರಹ ಅಲ್ವಂತೆ."

"ಹೋಗ್ಲಿ ಬಿಡೆ. ಬೀದಿಯವರಿಗೆ ನಾನು ಹೇಳ್ಕೋತೀನಿ. ನೀನು ಊಟ ಮಾಡಿದ್ಯಾ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಫೋನ್ ಇಟ್ಟಾಗ ಪಕ್ಕದಲ್ಲಿ ಅವನು ಕುಳಿತಿದ್ದ. ಎಷ್ಟು ಹೊತ್ತಿನಿಂದಲೋ!

"ನಾನು ಏನು ತಡ್ಕೋತೀನಿ, ಏನು ತಡ್ಕೊಳ್ಳಲ್ಲ ಅಂತ ನೀವು ತೀರ್ಮಾನ ಮಾಡ್ಬಾರ್ದಿತ್ತು," ಎಂದಳು ಅವನತ್ತ ನೋಡದೆ.

"ತಪ್ಪಾಯ್ತು. ಅನುಮಾನ ಬಂದ ದಿನಾನೇ ಹೇಳ್ಬೇಕಿತ್ತು." ಅವನು ಅವಳತ್ತ ತಿರುಗಿದ. "ಇನ್ನೊಂದು ಮಾತೂ ಬಹಳ ದಿನದಿಂದ ಹೇಳ್ದೇ ಉಳಿಸ್ಕೊಂಡಿದ್ದೀನಿ."

"ಅದನ್ನೂ ಯಾರ ಹತ್ರಾನೋ ಪರೀಕ್ಷೆ ಮಾಡಿಸ್ತಿದ್ದೀರಾ?"

"ಇಲ್ಲ. ಅದರಲ್ಲಿ ಅನುಮಾನಾನೇ ಇಲ್ಲ... ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಮೊದಲ ಬಾರಿ ಅವನ ಮುಖವನ್ನು ನೇರವಾಗಿ ನೋಡಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ತಡೆಯಲಾಗದ ನಗು.

"ಪ್ರೀತಿಸೋದಾದ್ರೆ 'ನಿಮ್ಮನ್ನ' ಯಾಕೆ?"

"ಮತ್ತೆ?"

"ನಿನ್ನನ್ನ ಅನ್ನು."

ಅವನು ಮೆಲ್ಲಗೆ ಅಂದ. "ನಿನ್ನನ್ನ..."

"ಹ್ಞೂಂ," ಎಂದಳು ಅವಳು, ಅವನ ಭುಜಕ್ಕೆ ತಲೆಯಾನಿಸಿ. "ನಾನೂ ಕಣೋ."