ಮೂಗಿನ ಲಸಿಕೆ, ಏಳು ದಿನದ ಮೌನ

ಮೂಗಿನ ಎರಡು ಹೊಳ್ಳೆಗೆ ಒಂದೊಂದು ಸಲ ಪಿಚಕ್ಕೆಂದು ಸಿಂಪಡಿಸಲು ಹತ್ತು ಸೆಕೆಂಡೂ ಬೇಡ. ಆ ಹತ್ತು ಸೆಕೆಂಡಿಗೆ ಟೈಲರಕ್ಕ ತೆತ್ತದ್ದು ಏಳು ರಾತ್ರಿಯ ನಿದ್ದೆ, ತೋಳು ತಿರುವುಮುರುವಾಗಿ ಹೊಲಿದು ಕೆಡಿಸಿದ ಎರಡು ಅಂಗಿ, ಮತ್ತು ಒಬ್ಬ ಮನುಷ್ಯನ ಮೇಲಿಟ್ಟಿದ್ದ ನಂಬಿಕೆ.

ಇದೆಲ್ಲ ಯಾವುದಕ್ಕೆ ತೆರುತ್ತಿದ್ದೇನೆ ಎಂಬುದು ಮಾತ್ರ ಎಂಟನೆಯ ದಿನ ಬೆಳಿಗ್ಗೆಯವರೆಗೂ ಅವಳಿಗೆ ಗೊತ್ತಿರಲಿಲ್ಲ.

ಅಂದು ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ತಮ್ಮನ ಕೋಣೆಯ ಗಾಜಿನ ಹೊರಗೆ ಅವಳು ಕೈ ತೊಳೆದು ಒರೆಸಿಕೊಳ್ಳುತ್ತಿದ್ದಳು. ಅವಳೇ ಕೊಟ್ಟ ಅಸ್ಥಿಮಜ್ಜೆ ತಮ್ಮನ ಮೈಯಲ್ಲಿ ಬೇರು ಬಿಡುತ್ತಿದ್ದ ದಿನಗಳವು. ಒಂದು ಸಣ್ಣ ನೆಗಡಿಯನ್ನು ತಡೆಯುವ ತ್ರಾಣವೂ ಅವನಿಗಿರಲಿಲ್ಲ. ಒಳಗೆ ಹೋಗಲು ಇಬ್ಬರಿಗಷ್ಟೇ ಅನುಮತಿ. ಒಬ್ಬಳು ಅವಳು. ಇನ್ನೊಬ್ಬರು ಅವಳ ಅಂಗಡಿಯ ಎದುರಿನ ಶಿಶುವಿಹಾರದ ಹಾಡಿನ ಮೇಷ್ಟ್ರು. ಎರಡು ತಿಂಗಳು ಒಂದು ದಿನವೂ ತಪ್ಪದೆ ಬಂದವರು, ಕಳೆದ ಮಂಗಳವಾರದಿಂದ ನಾಪತ್ತೆ. ಶಿಶುವಿಹಾರಕ್ಕೂ ರಜೆಯಂತೆ!

ಲಿಫ್ಟಿನ ಬಾಗಿಲು ತೆರೆಯಿತು. ಮೇಷ್ಟ್ರು!

ಬಂದರಲ್ಲ... ಎಂದು ಅವಳ ಮನಸ್ಸು ಕುಣಿಯಿತು. ನಾಲಿಗೆ ಕೇಳಬೇಕಲ್ಲ!

"ದಾರಿ ತಪ್ಪಿ ಬಂದ್ರಾ ಮೇಷ್ಟ್ರೇ?"

"ಇಲ್ಲ... ಅದು..."

"ರೋಗಿ ಇರೋರ ಸಹವಾಸ ಸಾಕಾಯ್ತು ಅಂತ ಹೇಳಿ ಹೋಗಬಹುದಿತ್ತು. ನಾನೇನು ಕಾಲು ಹಿಡ್ಕೊತಿದ್ನಾ? ನಲವತ್ತು ಸಲ ಫೋನ್ ಮಾಡಿದೀನಿ. ನಲವತ್ತು!"

"ನಲವತ್ಮೂರು," ಎಂದರು ಮೇಷ್ಟ್ರು ಮೆಲ್ಲಗೆ. "ಒಂದೊಂದನ್ನೂ ನೋಡ್ತಾ ಕೂತಿದ್ದೆ."

"ನೋಡ್ತಾ ಕೂತಿದ್ರಾ!" ಅವಳ ಕಣ್ಣು ತುಂಬಿ ಬಂತು.

ಮೇಷ್ಟ್ರು ಗೋಡೆಗೊರಗಿ ಎಲ್ಲವನ್ನೂ ಹೇಳಿಬಿಟ್ಟರು. ಹೋದ ವಾರ ಸೋಮವಾರ ಶಿಶುವಿಹಾರದಲ್ಲಿ ಫ್ಲೂ ಲಸಿಕೆ ಹಾಕುತ್ತಿದ್ದರು. ಸೂಜಿಯದಲ್ಲ, ಮೂಗಿಗೆ ಸಿಂಪಡಿಸುವುದು. ಮಕ್ಕಳು 'ಮೊದಲು ನೀವು ಹಾಕಿಸ್ಕೊಳ್ಳಿ' ಎಂದು ಹಟ ಹಿಡಿದವು. ಮೇಷ್ಟ್ರು ಮೂಗು ಒಡ್ಡಿದರು. ಸಂಜೆ ಎಂದಿನಂತೆ ಬಂದು ತಮ್ಮನ ಪಕ್ಕ ಒಂದು ಗಂಟೆ ಕೂತರು. ಮರುದಿನ ಬೆಳಿಗ್ಗೆ ಲಸಿಕೆಯ ಜೊತೆ ಕೊಟ್ಟ ಚೀಟಿ ಬಿಡಿಸಿ ಓದಿದರು.

"ಅದರಲ್ಲಿರೋದು ಜೀವಂತ ವೈರಸ್ಸು, ಸೊರಗಿಸಿಟ್ಟಿರೋದು. ಮೂಗಿನ ತಂಪಲ್ಲಿ ಬೆಳೆಯತ್ತೆ, ಶ್ವಾಸಕೋಶದ ಬಿಸಿಗೆ ಬಾಳಲ್ಲ. ಅದನ್ನ ನೋಡಿ ಮೈ ಮೂಗಿನ ಹತ್ತಿರವೇ ಕಾವಲು ಹಾಕ್ಕೊಳ್ಳೋದನ್ನ ಕಲಿಯತ್ತೆ. ಗಟ್ಟಿಮುಟ್ಟಾಗಿರೋರಿಗೆ ಒಳ್ಳೇದೇ. ಆದರೆ ಕೆಲವು ದಿನ ಮೂಗಿಂದ ಒಂದಿಷ್ಟು ಆಚೆ ಬೀಳಬಹುದು. ಇಂಥ ರೋಗಿಗಳ ಹತ್ತಿರ ಏಳು ದಿನ ಸುಳಿಬಾರದು ಅಂತ ಬರೆದಿತ್ತು... ನಾನು ಆಗಲೇ ಕೂತು ಬಂದಿದ್ದೆ!"

ಅವಳು ಗಾಜಿನತ್ತ ತಿರುಗಿದಳು. ಹಾಗಾದರೆ ತಮ್ಮ...? ಅದಕ್ಕೇನಾ ವಾರದಿಂದ ದಿನಾ ಅವನ ಮೂಗಿನ ಪರೀಕ್ಷೆ?

"ಗಾಬರಿ ಬೇಡಮ್ಮ!" ವಾರ್ಡಿನ ಡಾಕ್ಟರಮ್ಮ ಕಾಗದ ಹಿಡಿದು ಬಂದರು. "ಇವರು ಅವತ್ತೇ ಗೇಟಿನ ಹೊರಗೆ ನಿಂತು ನನಗೆ ಫೋನ್ ಮಾಡಿ ಅತ್ತರು. ದೊಡ್ಡವರಿಂದ ಹರಡೋದು ತೀರಾ ಅಪರೂಪ. ಆದರೆ ಈ ವಾರ್ಡಲ್ಲಿ ಆ ಅಪರೂಪಾನೂ ಬೇಡ ಅಂತ ದಿನಾ ಪರೀಕ್ಷೆ ಮಾಡಿಸಿದೆ. ಕೊನೇದೂ ಈಗ ಬಂತು. ಏನೂ ಇಲ್ಲ! ಜ್ವರಾನೂ ಇಲ್ಲ."

ಟೈಲರಕ್ಕ ಬೆಂಚಿನ ಮೇಲೆ ಕೂತಳು. ವಾರದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿಯಿತು. ಇಳಿದ ಮೇಲೆ ಮತ್ತೆ ಸಿಟ್ಟು ಬಂತು.

"ಸರಿ, ಹತ್ತಿರ ಬರಬಾರದಿತ್ತು. ಫೋನಲ್ಲೂ ವೈರಸ್ ಬರತ್ತಾ?"

ಗಾಜಿನಾಚೆ ತಮ್ಮ ಮಾತಾಡುವ ಗುಂಡಿ ಒತ್ತಿದ್ದ. ಸ್ಪೀಕರಿನಲ್ಲಿ ಅವನ ದನಿ ಬಂತು. "ಅವರನ್ನ ಯಾಕೆ ಬೈತೀಯೆ ಅಕ್ಕ? ಡಾಕ್ಟರು ನನಗೆ ಹೇಳಿದ್ರು. ನಿನಗೆ ಹೇಳೋದು ಬೇಡ ಅಂದವನು ನಾನು. ಮಜ್ಜೆ ಕೊಟ್ಟು ನೀನೇ ಸೊಂಟ ಹಿಡ್ಕೊಂಡು ಓಡಾಡ್ತಿದ್ದೆ. ಫೋನ್ ಎತ್ತಿದ್ರೆ ಎಲ್ಲಾ ಬಾಯಿಬಿಡ್ತಾರೆ ಅಂತ, ಎತ್ತಬಾರದು ಅಂತ ಆಣೆ ಹಾಕಿಸ್ಕೊಂಡೆ. ಈಗ ಭಾವನ್ನ ಒಳಗೆ ಬಿಡು!"

"ಭಾವಾನಾ? ಯಾರೋ ಭಾವ!" ಅವಳ ಮುಖ ಕಿವಿಯವರೆಗೂ ಕೆಂಪಾಯಿತು.

ಡಾಕ್ಟರಮ್ಮ ಕಾಗದ ನೋಡುತ್ತಾ ನಕ್ಕು ಆಚೆ ಹೋದರು.

ಮೇಷ್ಟ್ರು ಬೆಂಚಿನ ತುದಿಯಲ್ಲಿ ಕೂತರು. "ನಾನೇ ಅವನಿಗೆ ಹಾಗೆ ಕರಿ ಅಂತ ಹೇಳಿಲ್ಲ... ಆದರೆ ಕರೆದಾಗ ಬೇಡ ಅಂತಾನೂ ಹೇಳಿಲ್ಲ. ನನಗೆ ನಿಮ್ಮಿಬ್ಬರನ್ನ ಬಿಟ್ಟು ಇದ್ದ ಈ ಏಳು ದಿನವೇ ಸಾಕಾಯ್ತು. ನಿಮಗೆ ಇಷ್ಟ ಇದ್ರೆ..."

ಇದನ್ನೇ ಎರಡು ತಿಂಗಳಿಂದ ಕಾಯ್ತಿದ್ದೆನಲ್ಲ ದೇವರೇ! ಎಂದುಕೊಂಡಳು. ಹೊರಗೆ ಮಾತ್ರ ಬಿಗುಮಾನ.

"ಒಂದು ಷರತ್ತು. ಇನ್ಮೇಲೆ ಏನೇ ತಪ್ಪು ಮಾಡಿದ್ರೂ ಮೊದಲು ನನಗೆ ಹೇಳಬೇಕು."

"ಎಲ್ಲಿವರೆಗೆ?"

"ಇಬ್ಬರ ಹಲ್ಲೂ ಉದುರೋವರೆಗೆ."

"ಹಲ್ಲು ಉದುರಿದ್ರೆ ನನಗೆ ಹಾಡೋಕಾಗಲ್ವಲ್ಲ!"

"ಪರವಾಗಿಲ್ಲ. ಈಗಲೂ ಅಷ್ಟೇನು ಚೆನ್ನಾಗಿ ಹಾಡಲ್ಲ," ಎಂದು ಅವಳು ಅಳುತ್ತಲೇ ನಕ್ಕಳು.

ತಮ್ಮ ಉಳಿದ. ಅವಳಿಗೆ, ತಪ್ಪು ಗೊತ್ತಾದ ಬೆಳಿಗ್ಗೆಯೇ ಹೋಗಿ ಒಪ್ಪಿಕೊಳ್ಳುವಂಥ ಗಂಡ ಸಿಕ್ಕ.