ಅರ್ಧ ಗಂಟೆಗೊಂದು ಸಲ

ಎದುರಂಗಡಿಯ ಟೈಲರ್ ಮೇಡಂ ಹತ್ತೂವರೆಗೆ ಸರಿಯಾಗಿ ಎದ್ದು, ಕಿಟಕಿಗೆ ಬಂದು, ಎರಡೂ ಕೈ ಮೇಲೆತ್ತಿದರು.

ವಾಚ್ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಹಿಂದೆ ತಿರುಗಿ ನೋಡಿದ. ಗೋಡೆ. ಗೋಡೆಯ ತುಂಬ ಇಪ್ಪತ್ತು ಗಡಿಯಾರ. ಅವಕ್ಕೆ ಯಾರು ಕೈ ಎತ್ತುತ್ತಾರೆ?

ಹನ್ನೊಂದಕ್ಕೆ ಮತ್ತೆ. ಹನ್ನೊಂದೂವರೆಗೆ ಮತ್ತೆ; ಈ ಸಲ ಕತ್ತನ್ನೂ ಓರೆ ಮಾಡಿದರು. ಗೋಡೆಯ ಇಪ್ಪತ್ತೂ ಸರಿಯಾಗಿ ಓಡುತ್ತಿದ್ದವು. ಎದೆಯೊಳಗಿನ ಇಪ್ಪತ್ತೊಂದನೆಯದು ಮಾತ್ರ ಫಾಸ್ಟ್.

ನಾಲ್ಕನೇ ದಿನ ಅವನೂ ಕೈ ಎತ್ತಿದ. ಹನ್ನೆರಡು ವರ್ಷದಿಂದ ಸ್ಟೂಲು ಬಿಡದ ಸೊಂಟ ಕಟಕ್ಕೆಂದಿತು.

ಊಟ ತಂದ ಅಕ್ಕ ಬಾಗಿಲಲ್ಲೇ ನಿಂತಳು. "ಏನೋ, ಕಳ್ಳ ಬಂದಿದಾನಾ? ಕೈ ಯಾಕೆ ಮೇಲೆ?"

"ಅವರು ಕರೀತಿದಾರೆ ಅಕ್ಕಾ."

"ಕರೆದ್ರೆ ಹೋಗು ಮಾರಾಯ. ಸ್ಟೂಲ್ ಜೊತೆ ಮದುವೆ ಆಗಿದೆಯಾ ನಿಂಗೆ?"

ಶರ್ಟಿನ ಗುಂಡಿಯೊಂದನ್ನು ಬೇಕೆಂದೇ ಕಿತ್ತುಕೊಂಡು ಹೋದ. ರಸ್ತೆ ದಾಟಲು ಹದಿನೆಂಟು ಹೆಜ್ಜೆ, ಅಷ್ಟಕ್ಕೇ ಏದುಸಿರು.

"ಕರೆದ್ರಲ್ಲ..."

"ನಾನಾ? ಯಾವಾಗ?"

"ದಿನಾ. ಅರ್ಧ ಗಂಟೆಗೊಂದು ಸಲ."

ಅವರು ಮಿಷನ್ನಿನ ಪಕ್ಕದ ಅಲಾರಂ ತೋರಿಸಿ ನಕ್ಕುಬಿಟ್ಟರು. "ಅಯ್ಯೋ, ಅದು ಡಾಕ್ಟರು ಹೇಳಿದ್ದು! ಕೂತು ಕೂತು ಕಾಲು ಊದಿದೆ, ಶುಗರ್ ಬಾರ್ಡರಿಗೆ ಬಂದಿದೆ. ಆಗಾಗ ಎದ್ದು ಕೈಕಾಲು ಆಡಿಸಬೇಕಂತೆ. ನೀವೂ ಕೈ ಎತ್ತಿದ್ರಲ್ಲ, ನಿಮಗೂ ಅದೇ ಡಾಕ್ಟರಾ?"

"ಹೂಂ. ಅದೇ ಡಾಕ್ಟರು." ಗುಂಡಿಯನ್ನು ಮುಷ್ಟಿಯೊಳಗೆ ಬಚ್ಚಿಟ್ಟು ವಾಪಸಾದ.

ಮರುದಿನ ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ ಕೂತ. ಹತ್ತೂವರೆ ಆಯಿತು, ಹನ್ನೊಂದಾಯಿತು. ಇಪ್ಪತ್ತು ಗಡಿಯಾರಗಳೂ ಟಿಕ್ ಟಿಕ್ ಎಂದು ಅವನ ಮಾನ ಕಳೆದವು. ಅವನು ತಿರುಗಲಿಲ್ಲ.

ಮೂರನೇ ದಿನ ಅವನ ಮೇಜಿನ ಮೇಲೆ ಒಂದು ಅಲಾರಂ ಬಂದು ಕೂತಿತು. ಸದ್ದಿಗೆ ತಿರುಗಿದರೆ ಟೈಲರ್ ಮೇಡಂ.

"ನಿಂತುಹೋಗಿದೆ."

ಬಿಚ್ಚಿ ನೋಡಿದ. "ಇದರಲ್ಲಿ ಸೆಲ್ಲೇ ಇಲ್ಲ."

"ಗೊತ್ತು. ನಾನೇ ತೆಗೆದೆ."

ಅವನಿಗೆ ತಲೆಬುಡ ತಿಳಿಯಲಿಲ್ಲ. "ಮತ್ತೆ ಏಳೋದು ಹೇಗೆ? ಶುಗರ್ರು?"

"ಅದೇ ನಂಗೂ ಅರ್ಥ ಆಗ್ತಿಲ್ಲ ರೀ. ಅಲಾರಂ ಹೊಡೀತು, ಎದ್ದೆ, ಕೈ ಎತ್ತಿದೆ. ಎದುರಿಗೆ ನಿಮ್ಮ ಬೆನ್ನು. ಎತ್ತಿದ ಕೈ ಹಾಗೇ ಇಳೀತು. ಕೈ ನಂದು, ಕಾಲು ನಂದು. ನಿಮ್ಮ ಮುಖ ಯಾಕೆ ಬೇಕು, ಹೇಳಿ?"

ಅವನ ಕಿವಿ ಕೆಂಪಾಯಿತು.

"ಇನ್ಮೇಲೆ ಅರ್ಧ ಗಂಟೆಗೊಂದು ಸಲ ನೀವೇ ಬಂದು ಎಬ್ಬಿಸಿ. ನಿಮ್ಮ ಸೊಂಟಕ್ಕೂ ಒಳ್ಳೇದು."

"ಎಷ್ಟು... ಎಷ್ಟು ದಿನ?"

"ಡಾಕ್ಟರು ಜೀವನಪೂರ್ತಿ ಅಂದಿದಾರೆ," ಎನ್ನುತ್ತ ಅವರು ಅಂಗೈ ಚಾಚಿದರು. "ಮೊದಲು ಅವತ್ತು ಮುಷ್ಟಿಯಲ್ಲಿ ಬಚ್ಚಿಟ್ರಲ್ಲ, ಆ ಗುಂಡಿ ಕೊಡಿ."